ದೂರದರ್ಶಕಕ್ಕೆ ಕಾಲು ಕಟ್ಟಿದವರು

ದೂರದರ್ಶಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಾಜು. ಕನ್ನಡಿ ಎಷ್ಟು ಅಂಗುಲದ್ದು, ಅದರಲ್ಲಿ ಚಂದ್ರ ಎಷ್ಟು ಪಾಲು ದೊಡ್ಡವನಾಗಿ ಕಾಣುತ್ತಾನೆ ಎಂದು ಕೇಳುತ್ತೇವೆ. ಅದು ಯಾವುದರ ಮೇಲೆ ನಿಂತಿದೆ ಎಂದು ಕೇಳುವವರು ಅಪರೂಪ. ಗುಡಿಗೆ ಹೋದವರು ಮೂರ್ತಿಯನ್ನು ನೋಡುತ್ತಾರೆಯೇ ಹೊರತು ಪೀಠವನ್ನು ನೋಡುವುದಿಲ್ಲವಷ್ಟೆ. ಆದರೆ ನಾಲ್ಕು ನೂರು ವರ್ಷಗಳ ದೂರದರ್ಶಕದ ಚರಿತ್ರೆಯಲ್ಲಿ ಸರಿಸುಮಾರು ಅರ್ಧ ಭಾಗ ಈ ಪೀಠದ ಚರಿತ್ರೆ. ಅದನ್ನು ತಿದ್ದಿದವರಲ್ಲಿ ಸಂಗೀತ ಹೇಳಿಕೊಡುತ್ತಿದ್ದವನೊಬ್ಬ, ಯಂತ್ರಶಾಲೆಯ ಕೆಲಸಗಾರರು ಹಲವರು, ಮಠದಿಂದ ಹೊರಬಿದ್ದ ಸಂನ್ಯಾಸಿಯೊಬ್ಬ ಇದ್ದಾರೆ. ಸಂಬಳಕ್ಕಾಗಿ ಅಲ್ಲ, ಆಕಾಶ ನೋಡಬೇಕೆಂಬ ಹಂಬಲಕ್ಕಾಗಿ ಮರ, ಹಗ್ಗ, ಕೊಳಾಯಿ, ತಗಡುಗಳೊಡನೆ ಗುದ್ದಾಡಿದವರು ಅವರು. ಅವರ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಈ ಗುದ್ದಾಟ ದೂರದರ್ಶಕ ಹುಟ್ಟಿದಂದೇ ಆರಂಭವಾಯಿತು. ಗೆಲಿಲಿಯೋ 1609ರಲ್ಲಿ ತನ್ನ ನಳಿಗೆಯನ್ನು ಆಕಾಶದ ಕಡೆಗೆ ತಿರುಗಿಸಿದ. 1610ರ ಜನವರಿಯಲ್ಲಿ ಬರೆದ ಕಾಗದವೊಂದರಲ್ಲಿ, ಈ ಉಪಕರಣವನ್ನು ಕೈಯಲ್ಲಿ ಹಿಡಿದು ನೋಡಬಾರದು, ನಾಡಿಯ ಬಡಿತ ಮತ್ತು ಉಸಿರಾಟಗಳಿಂದಲೇ ಕೈ ನಡುಗುತ್ತದೆ, ಆದುದರಿಂದ ಅದನ್ನು ಸ್ಥಿರವಾದ ಯಾವುದಾದರೊಂದರ ಮೇಲೆ ಇರಿಸಿ ನೋಡಬೇಕು ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದಾನೆ. ಆತನ ನಳಿಗೆ ಇಪ್ಪತ್ತು ಪಾಲಿನಷ್ಟು ದೊಡ್ಡದು ಮಾಡಿ ತೋರಿಸುತ್ತಿತ್ತು. ಇಂದು ಮನೆಯಲ್ಲಿಡುವ ಸಾಧಾರಣ ದೂರದರ್ಶಕವೂ ನೂರು ಪಾಲು ದೊಡ್ಡದು ಮಾಡುತ್ತದೆ.

ಇಲ್ಲಿ ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಿ. ದೂರದರ್ಶಕವು ಚಂದ್ರನನ್ನು ಮಾತ್ರ ನೂರು ಪಾಲು ದೊಡ್ಡದು ಮಾಡುವುದಿಲ್ಲ, ತನ್ನ ಅಲುಗಾಟವನ್ನೂ ನೂರು ಪಾಲು ದೊಡ್ಡದು ಮಾಡುತ್ತದೆ. ಬರಿಗಣ್ಣಿಗೆ ಗೊತ್ತೇ ಆಗದಷ್ಟು ಮುಕ್ಕಾಲು ನಡುಗಿದರೂ ಶನಿಯ ಬಳೆ ಗಾಳಿಗೆ ಸಿಕ್ಕ ದೀಪದಂತೆ ಹೊಯ್ದಾಡುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಾವು ನಗುತ್ತೇವೆ. ದೂರದರ್ಶಕದ ವಿಷಯದಲ್ಲಿ ಮಾತ್ರ ಆ ದೂರು ಎಷ್ಟೋ ಸಲ ನಿಜ. ಗಾಜು ಚೆನ್ನಾಗಿಯೇ ಇರುತ್ತದೆ, ಡೊಂಕಿರುವುದು ನೆಲವೇ. ಮಕ್ಕಳಿಗೆಂದು ಆಸೆಯಿಂದ ಕೊಂಡು ತಂದ ಎಷ್ಟೋ ದೂರದರ್ಶಕಗಳು ನಾಲ್ಕು ರಾತ್ರಿ ಹೊರಗಿದ್ದು ಐದನೆಯ ರಾತ್ರಿ ಅಟ್ಟ ಸೇರುವುದು ಇದರಿಂದಲೇ. ಅದರೊಂದಿಗೆ ಒಂದು ಮನೆಯ ಆಕಾಶವೂ ಅಟ್ಟ ಸೇರುತ್ತದೆ.

ಪೀಠಕ್ಕೆ ಇನ್ನೂ ಒಂದು ಹೊಣೆ ಉಂಟು. ನಾವು ನಿಂತಿರುವ ಭೂಮಿಯೇ ತಿರುಗುತ್ತಿದೆ. ನಕ್ಷತ್ರಗಳ ಲೆಕ್ಕದಲ್ಲಿ ಅದು 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ. ಎಂದರೆ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಡಿಗ್ರಿಯಾದುದರಿಂದ, ಅಷ್ಟಗಲದ ಆಕಾಶವನ್ನು ತೋರಿಸುವ ದೂರದರ್ಶಕವನ್ನು ಅಲುಗಾಡಿಸದೆ ಬಿಟ್ಟರೆ ಎರಡೇ ನಿಮಿಷದಲ್ಲಿ ಗ್ರಹವು ಒಂದು ಅಂಚಿನಿಂದ ಬಂದು ಇನ್ನೊಂದು ಅಂಚಿನಲ್ಲಿ ಮರೆಯಾಗುತ್ತದೆ. ಆದುದರಿಂದ ಪೀಠವು ಕಲ್ಲಿನಂತೆ ನಿಲ್ಲಬೇಕು, ಬೆಣ್ಣೆಯಂತೆ ಜಾರಬೇಕು. ಪರಸ್ಪರ ವಿರುದ್ಧವಾದ ಈ ಎರಡು ಗುಣಗಳನ್ನು ಒಂದೇ ವಸ್ತುವಿನಲ್ಲಿ ತರುವುದು ಹೇಗೆಂಬುದೇ ಇಡೀ ಚರಿತ್ರೆಯ ಪ್ರಶ್ನೆ.

ಹದಿನೇಳನೆಯ ಶತಮಾನದವರು ಈ ಪ್ರಶ್ನೆಯ ಮುಂದೆ ಸೋತರು. ಆಗಿನ ಗಾಜಿನ ದೋಷಗಳನ್ನು ತಗ್ಗಿಸಲು ನಳಿಗೆಯನ್ನು ಬಹು ಉದ್ದ ಮಾಡಬೇಕಾಗಿತ್ತು. ಡಾನ್ಜಿಗ್ ನಗರದಲ್ಲಿ ಬಿಯರು ಭಟ್ಟಿಯ ಒಡೆಯನಾಗಿದ್ದ ಹೆವೇಲಿಯಸ್ ಎಂಬ ಖಗೋಳಜ್ಞ 150 ಅಡಿ ಉದ್ದದ ದೂರದರ್ಶಕವನ್ನೇ ಕಟ್ಟಿದ. ಹಡಗಿನ ಕೂವೆಯಂಥ ಕಂಬಕ್ಕೆ ಅದನ್ನು ಹಗ್ಗಗಳಿಂದ ತೂಗುಹಾಕಿ ಆಳುಗಳಿಂದ ಎಳೆಸುತ್ತಿದ್ದ. 1673ರಲ್ಲಿ ಅಚ್ಚಾದ ಆತನ ಗ್ರಂಥದಲ್ಲಿ ಇದರ ಚಿತ್ರವಿದೆ. ನೋಡಲು ಭವ್ಯ, ಬಳಸಲು ಕಷ್ಟ. ಸ್ವಲ್ಪ ಗಾಳಿ ಬೀಸಿದರೆ ನಡುಗುವುದು, ತೇವಕ್ಕೆ ಹಗ್ಗ ಹಿಗ್ಗುವುದು ಕುಗ್ಗುವುದು. ಮುಂದೆ ಕನ್ನಡಿಯ ದೂರದರ್ಶಕ ಬಂದು ನಳಿಗೆ ಗಿಡ್ಡವಾಯಿತು. ಇಂಗ್ಲೆಂಡಿನ ಹ್ಯಾಡ್ಲಿ 1721ರಲ್ಲಿ ಆರಡಿಯ ನಳಿಗೆಯಲ್ಲಿ ಆರಂಗುಲದ ಕನ್ನಡಿಯಿಟ್ಟು ತೋರಿಸಿದ ಮೇಲೆ, ಒಬ್ಬನೇ ಮನುಷ್ಯ ತನ್ನ ಹಿತ್ತಲಲ್ಲಿ ಆಕಾಶವನ್ನು ಹುಡುಕುವುದು ಸಾಧ್ಯವೆನಿಸಿತು.

ಹಾಗೆ ಹುಡುಕಿದವರಲ್ಲಿ ಮೊದಲಿಗನೆಂದರೆ ವಿಲಿಯಂ ಹರ್ಷೆಲ್. ಜರ್ಮನಿಯ ಹ್ಯಾನೋವರಿನಲ್ಲಿ 1738ರಲ್ಲಿ ಹುಟ್ಟಿದ ಈತ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಚರ್ಚಿನ ಆರ್ಗನ್ ನುಡಿಸುತ್ತ, ಸಂಗೀತ ಪಾಠ ಹೇಳುತ್ತ ಜೀವಿಸುತ್ತಿದ್ದ. ಹಗಲು ಸಂಗೀತ, ರಾತ್ರಿ ನಕ್ಷತ್ರ. ಕನ್ನಡಿಯನ್ನು ತಾನೇ ಎರಕ ಹೊಯ್ದು ತಾನೇ ಉಜ್ಜಿದನೆಂಬುದು ಪ್ರಸಿದ್ಧವಾದ ಸಂಗತಿ. ಅಷ್ಟು ಪ್ರಸಿದ್ಧವಲ್ಲದ ಸಂಗತಿಯೆಂದರೆ, ಏಳಡಿಯ ಆ ದೂರದರ್ಶಕಕ್ಕೆ ಮಾಡಿಸಿದ ಮರದ ಪೀಠ. ನಳಿಗೆಯನ್ನು ಒರಟಾಗಿ ಒಂದೆಡೆ ತಿರುಗಿಸಿ ನಿಲ್ಲಿಸಿದ ಮೇಲೆ, ಹಿಡಿಕೆಗಳನ್ನು ತಿರುಗಿಸಿ ಕೂದಲೆಳೆಯಷ್ಟು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸುವ ಏರ್ಪಾಡು ಅದರಲ್ಲಿತ್ತು. 1781ನೆಯ ಮಾರ್ಚಿ 13ರ ರಾತ್ರಿ ಮನೆಯ ಹಿಂದಿನ ತೋಟದಲ್ಲಿ ಈ ದೂರದರ್ಶಕದಿಂದಲೇ ಆತ ಯುರೇನಸ್ ಗ್ರಹವನ್ನು ಕಂಡ.

ಮರುವರ್ಷ ಆ ದೂರದರ್ಶಕವನ್ನು ಗ್ರೀನಿಚ್ಚಿನ ರಾಜ ವೇಧಶಾಲೆಗೆ ಒಯ್ದು ಅಲ್ಲಿನ ಉಪಕರಣಗಳೊಡನೆ ಹೋಲಿಸಿ ನೋಡಿದರು. ಆಸ್ಥಾನದ ಖಗೋಳಜ್ಞ ಮ್ಯಾಸ್ಕಿಲೀನನಿಗೆ ಹರ್ಷೆಲನ ಪೀಠ ಎಷ್ಟು ಹಿಡಿಸಿತೆಂದರೆ, ತನ್ನ ದೂರದರ್ಶಕಕ್ಕೂ ಅಂಥದೇ ಒಂದನ್ನು ಮಾಡಲು ಆತ ಹೇಳಿಕಳಿಸಿದ. ಆದರೆ ಎರಡರಲ್ಲೂ ನೋಡಿದ ಮೇಲೆ ತನ್ನ ಉಪಕರಣದ ಮೇಲಿನ ಪ್ರೀತಿಯೇ ಆತನಿಗೆ ಹೊರಟುಹೋಗಿ, ಇದಕ್ಕೆ ಹೊಸ ಪೀಠ ಮಾಡಿಸುವ ಯೋಗ್ಯತೆ ಇದೆಯೇ ಎಂದು ಅನುಮಾನಿಸತೊಡಗಿದನೆಂದು ಹರ್ಷೆಲ್ ತಂಗಿ ಕ್ಯಾರೊಲಿನಳಿಗೆ ಕಾಗದ ಬರೆದ. ಸಂಗೀತದ ಮೇಷ್ಟರ ಮರಗೆಲಸವು ರಾಜ ವೇಧಶಾಲೆಯವರ ಕಣ್ಣು ತೆರೆಸಿತ್ತು.

ಪೀಠದ ದುಡಿಮೆಯಲ್ಲಿ ಅಪಾಯವೂ ಇತ್ತು. ಹರ್ಷೆಲ್ 1783ರಲ್ಲಿ ಇಪ್ಪತ್ತಡಿಯ ದೂರದರ್ಶಕವನ್ನು ಎತ್ತರವಾದ ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ. ಆ ವರ್ಷದ ಕೊನೆಯ ರಾತ್ರಿ, ಡಿಸೆಂಬರ್ 31ರಂದು, ಅಣ್ಣ ಮೇಲಿನಿಂದ ಕೂಗಿ ಯಂತ್ರವನ್ನು ಪಕ್ಕಕ್ಕೆ ಸರಿಸಲು ಹೇಳಿದ. ಹಿಮ ಬಿದ್ದು ಕರಗುತ್ತಿದ್ದ ನೆಲದ ಮೇಲೆ ಓಡಿದ ಕ್ಯಾರೊಲಿನ್ ಜಾರಿಬಿದ್ದಳು. ಯಂತ್ರದ ಕೊನೆಯಲ್ಲಿ ಕಟುಕರ ಅಂಗಡಿಯಲ್ಲಿರುವಂಥ ದೊಡ್ಡ ಕಬ್ಬಿಣದ ಕೊಕ್ಕೆಗಳಿದ್ದುವು. ಅಂಥದೊಂದು ಆಕೆಯ ಮೊಣಕಾಲಿನ ಮೇಲ್ಗಡೆ ಹೊಕ್ಕಿತು. ಬಿಡಿಸಿ ಎತ್ತಿಕೊಂಡಾಗ ಮಾಂಸದ ತುಣುಕು ಕೊಕ್ಕೆಯಲ್ಲೇ ಉಳಿಯಿತೆಂದು ಆಕೆ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಇನ್ನೊಂದು ಗಾಳಿಯ ರಾತ್ರಿ ಅಣ್ಣ ಇಳಿದು ನೆಲ ಮುಟ್ಟುವಷ್ಟರಲ್ಲಿ ಚೌಕಟ್ಟೆಲ್ಲ ಕುಸಿದುಬಿತ್ತಂತೆ. 1789ರಲ್ಲಿ ಮುಗಿದ ನಲವತ್ತಡಿಯ ದೂರದರ್ಶಕ ಯೂರೋಪಿಗೆಲ್ಲ ಬೆರಗಾಯಿತಾದರೂ ಅದನ್ನು ಪಳಗಿಸುವುದು ಕಷ್ಟವಾಗಿ, ಹರ್ಷೆಲ್ ತನ್ನ ಹೆಚ್ಚಿನ ಕೆಲಸವನ್ನು ಕೈಗೆ ಒಗ್ಗಿದ ಇಪ್ಪತ್ತಡಿಯದರಲ್ಲೇ ಮಾಡಿದ. ದೊಡ್ಡ ಕನ್ನಡಿಗಿಂತ ಒಗ್ಗಿದ ಪೀಠ ಮೇಲೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹರ್ಷೆಲನ ಪೀಠಕ್ಕೆ ಎರಡು ಚಲನೆ. ಒಂದು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ. ಆದರೆ ನಕ್ಷತ್ರಗಳು ಓರೆಯಾಗಿ ಏರುತ್ತವೆ, ಓರೆಯಾಗಿ ಇಳಿಯುತ್ತವೆ. ಅವುಗಳ ಬೆನ್ನು ಹತ್ತಬೇಕಾದರೆ ಎರಡು ಕೈಗಳಿಗೂ ಬಿಡುವಿಲ್ಲ. ಇದಕ್ಕೆ ಉಪಾಯವೆಂದರೆ, ಒಂದು ಅಚ್ಚನ್ನು ಭೂಮಿಯ ಅಚ್ಚಿಗೆ ಸಮಾಂತರವಾಗಿ, ಎಂದರೆ ಧ್ರುವದ ಕಡೆಗೆ ಓರೆಮಾಡಿ ನಿಲ್ಲಿಸುವುದು. ಆಗ ಆ ಒಂದೇ ಅಚ್ಚನ್ನು ಭೂಮಿ ತಿರುಗುವ ವೇಗದಲ್ಲಿ ಎದುರು ದಿಕ್ಕಿಗೆ ತಿರುಗಿಸಿದರೆ ಸಾಕು, ನಕ್ಷತ್ರ ಕದಲದೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಈಕ್ವಟೋರಿಯಲ್ ಎಂದು ಹೆಸರು. ಧ್ರುವವನ್ನು ನೋಡುತ್ತಿರುವುದರಿಂದ ನಾವು ಇದನ್ನು ಧ್ರುವಪೀಠವೆನ್ನೋಣ.

ಈ ಉಪಾಯ ಹಳೆಯದು. ಅದನ್ನು ಪರಿಪೂರ್ಣತೆಗೆ ತಂದವನು ಜರ್ಮನಿಯ ಫ್ರೌನ್‌ಹೋಫರ್. ಹನ್ನೊಂದನೆಯ ವಯಸ್ಸಿಗೆ ಅನಾಥನಾಗಿ ಮ್ಯೂನಿಕ್ಕಿನ ಗಾಜುಗಾರನೊಬ್ಬನಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗ, 1801ರಲ್ಲಿ ಆ ಮನೆ ಕುಸಿದಾಗ ಅವಶೇಷಗಳಡಿಯಿಂದ ಬದುಕಿ ಬಂದ. ಅವನೇ 1824ರಲ್ಲಿ ಇಂದಿನ ಎಸ್ಟೋನಿಯಾದ ಟಾರ್ಟು ವೇಧಶಾಲೆಗೆ ಒಂಬತ್ತೂವರೆ ಅಂಗುಲಕ್ಕೂ ಮೀರಿದ ಗಾಜಿನ ದೂರದರ್ಶಕವನ್ನು ಕಟ್ಟಿಕೊಟ್ಟ. ಅದರ ಧ್ರುವಪೀಠದಲ್ಲಿ ಒಂದು ಬದಿಗೆ ನಳಿಗೆ, ಇನ್ನೊಂದು ಬದಿಗೆ ಸಮತೂಕದ ಗುಂಡು, ತಿರುಗಿಸಲು ಭಾರದಿಂದ ನಡೆಯುವ ಗಡಿಯಾರದ ಯಂತ್ರ. ತಕ್ಕಡಿಯಂಥ ಈ ಪೀಠಕ್ಕೆ ಜರ್ಮನ್ ಪೀಠವೆಂಬ ಹೆಸರೇ ನಿಂತಿತು. ಇಂದಿಗೂ ಅಂಗಡಿಯಲ್ಲಿ ಇದೇ ಮಾದರಿಯನ್ನು ಕಾಣುತ್ತೀರಿ.

ಒಂದು ಮಾತನ್ನು ನಾವು ಕರ್ನಾಟಕದವರು ಗಮನಿಸಬೇಕು. ಧ್ರುವವು ಆಕಾಶದಲ್ಲಿ ಎಷ್ಟು ಎತ್ತರವಿರುವುದೆಂಬುದು ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಟಾರ್ಟುವಿನಲ್ಲಿ ಅದು 58 ಡಿಗ್ರಿ ಎತ್ತರ. ಬೆಂಗಳೂರು ಮಂಗಳೂರುಗಳಲ್ಲಿ ಬರಿಯ 13, ಧಾರವಾಡದಲ್ಲಿ ಹದಿನೈದೂವರೆ, ಬೀದರಿನಲ್ಲಿ ಸುಮಾರು 18. ಆದುದರಿಂದ ನಮ್ಮಲ್ಲಿ ಧ್ರುವಪೀಠದ ಅಚ್ಚು ಹೆಚ್ಚುಕಡಮೆ ಮಲಗಿಯೇ ಇರಬೇಕು. ಉತ್ತರದ ದೇಶಗಳಿಗೆಂದು ಮಾಡಿದ ಎಷ್ಟೋ ಪೀಠಗಳು ಅಷ್ಟು ಬಗ್ಗುವುದಿಲ್ಲ. ಬಗ್ಗಿಸಿದರೆ ಸಮತೂಕದ ಸರಳು ಮುಕ್ಕಾಲಿಗೆ ತಗಲುತ್ತದೆ. ದಕ್ಷಿಣದ ಕಡೆ ದಪ್ಪವಾಗಿ ಉತ್ತರದ ಕಡೆ ತೆಳುವಾದ ಮರದ ಬೆಣೆಯೊಂದನ್ನು ಪೀಠದ ತಲೆಯ ಕೆಳಗೆ ಕೊಟ್ಟರೆ ಈ ತೊಂದರೆ ಹೋಗುತ್ತದೆ. ಊರ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ ಇದು.

ಹತ್ತೊಂಬತ್ತನೆಯ ಶತಮಾನದಲ್ಲಿ ಒಳ್ಳೆಯ ಧ್ರುವಪೀಠವೆಂದರೆ ಶ್ರೀಮಂತರ ಸೊತ್ತು. ಅದನ್ನು ಕಾರ್ಖಾನೆಯ ಕೆಲಸಗಾರರ ಕೈಗೆ ತಂದುಕೊಟ್ಟವನು ಅಮೆರಿಕದ ರಸೆಲ್ ಪೋರ್ಟರ್. ವರ್ಮಾಂಟ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ 1871ರಲ್ಲಿ ಹುಟ್ಟಿದ ಈತ ವಾಸ್ತುಶಿಲ್ಪ ಕಲಿತವನು, ಚಿತ್ರಕಾರ, ಉತ್ತರಧ್ರುವ ಪ್ರದೇಶದ ಯಾತ್ರೆಗಳಲ್ಲಿ ವರ್ಷಗಟ್ಟಲೆ ಹಿಮದಲ್ಲಿ ಕಳೆದವನು. 1919ರಲ್ಲಿ ಹುಟ್ಟೂರಿಗೆ ಮರಳಿ ಅಲ್ಲಿನ ಯಂತ್ರಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. 1920ರಲ್ಲಿ ಊರಿನ ಜನರಿಗಾಗಿ ದೂರದರ್ಶಕ ಮಾಡುವ ಪಾಠ ಆರಂಭಿಸಿದ. ಬಂದವರು ಹದಿನೈದು ಜನ ಗಂಡಸರು, ಒಬ್ಬ ಹೆಂಗಸು, ಹೆಚ್ಚಿನವರು ಕಾರ್ಖಾನೆಯವರೇ. ಅವರಿಗೆ ಖಗೋಳಶಾಸ್ತ್ರ ಗೊತ್ತಿರಲಿಲ್ಲ, ಆದರೆ ಉಕ್ಕಿನ ಮಾತು ಗೊತ್ತಿತ್ತು. ಅಚ್ಚು ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಬೆರಳ ತುದಿಗೇ ತಿಳಿಯುವ ಜನ ಅವರು.

ಚಳಿಗಾಲದ ವರ್ಮಾಂಟಿನಲ್ಲಿ ಕತ್ತು ತಿರುಚಿಕೊಂಡು ನೋಡುವುದು ಯಾರಿಗೂ ಬೇಡವಾಗಿತ್ತು. ಪೋರ್ಟರ್ ಅದಕ್ಕಾಗಿ ಒಂದು ಹೊಸ ಬಗೆಯ ಪೀಠವನ್ನು ಬರೆದ. ನಳಿಗೆ ಎತ್ತ ತಿರುಗಿದರೂ ಬೆಳಕು ಪೀಠದ ಅಚ್ಚುಗಳ ಮೂಲಕವೇ ಹಾದು ಒಂದೇ ಸ್ಥಳಕ್ಕೆ ಬರುತ್ತದೆ. ನೋಡುವವನು ಕುರ್ಚಿಯಲ್ಲಿ ಕುಳಿತು, ಪುಸ್ತಕ ಓದುವಂತೆ ತಲೆ ಬಗ್ಗಿಸಿದರಾಯಿತು. ಇದೇ ಸ್ಪ್ರಿಂಗ್‌ಫೀಲ್ಡ್ ಪೀಠ. ಆ ಊರಿನವರು 1923ರಲ್ಲಿ ಸಂಘ ಕಟ್ಟಿಕೊಂಡರು, ಬಳಿಯ ಗುಡ್ಡದ ಮೇಲೆ ಒಂದು ಮನೆ ಕಟ್ಟಿ ಅದಕ್ಕೆ ನಕ್ಷತ್ರಗಳ ಗುಡಿ ಎಂಬರ್ಥದ ಸ್ಟೆಲ್ಲಾಫೇನ್ ಎಂಬ ಹೆಸರಿಟ್ಟರು. 1926ರಲ್ಲಿ ಅಲ್ಲಿ ಆರಂಭವಾದ ದೂರದರ್ಶಕ ಕಟ್ಟುವವರ ಸಮ್ಮೇಳನ ಇಂದಿಗೂ ನಡೆಯುತ್ತದೆ.

1925ರ ನವೆಂಬರಿನಲ್ಲಿ ಆಲ್ಬರ್ಟ್ ಇಂಗಾಲ್ಸ್ ಎಂಬ ಸಂಪಾದಕ ಈ ಸಂಘದ ವಿಷಯವನ್ನು ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ. ಓದುಗರ ಒತ್ತಾಯದ ಮೇಲೆ ಮಾಡುವ ವಿಧಾನವನ್ನು ಪೋರ್ಟರನೇ ಬರೆದ, ಅದೆಲ್ಲ ಕೂಡಿ 1926ರಲ್ಲಿ ಪುಸ್ತಕವಾಯಿತು. ಅಲ್ಲಿಂದ ಮುಂದೆ ನೀರಿನ ಕೊಳಾಯಿಯ ತುಂಡುಗಳು, ಹಳೆಯ ಮೋಟಾರು ಗಾಡಿಯ ಅಚ್ಚುಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ದೂರದರ್ಶಕದ ಪೀಠಗಳಾದುವು. ಮುಕ್ಕಾಲಿನ ಬದಲು ನೆಲದಲ್ಲಿ ಹೂತ ಕಾಂಕ್ರೀಟಿನ ಕಂಬ, ಸಮತೂಕಕ್ಕೆ ಸೀಸ ತುಂಬಿದ ಡಬ್ಬಿ. ಒಬ್ಬ ಕಂಡುಕೊಂಡ ಉಪಾಯ ಮರುತಿಂಗಳು ಎಲ್ಲರದಾಗುತ್ತಿತ್ತು.

ಪೋರ್ಟರನನ್ನು 1928ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು. ಅಲ್ಲಿ ಪಲೋಮಾರ್ ಬೆಟ್ಟದ ಮೇಲೆ 200 ಅಂಗುಲ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸುವ ಯೋಜನೆಯಿತ್ತು. ಅದಕ್ಕೆ ಮೊದಲಿನ 100 ಅಂಗುಲದ ದೂರದರ್ಶಕದ ಪೀಠ ಮುಚ್ಚಿದ ಚೌಕಟ್ಟಿನಂತಿದ್ದು, ಉತ್ತರದ ಕಡೆಯ ಅಡ್ಡಪಟ್ಟಿಯಿಂದ ಧ್ರುವದ ಸುತ್ತಲಿನ ಆಕಾಶವೇ ಕಾಣದೆ ಮರೆಯಾಗಿತ್ತು. ಪೋರ್ಟರ್ ಅದಕ್ಕೆ ಬಹಳ ಹಿಂದೆಯೇ ಒಂದು ಕಡೆ ಬಾಯಿ ತೆರೆದ ಉಂಗುರದ ಪೀಠವನ್ನು ಯೋಚಿಸಿದ್ದ. ಅದೇ ವಿಚಾರ ಪಲೋಮಾರಿನಲ್ಲಿ ಕುದುರೆ ಲಾಳದ ಆಕಾರದ ದೈತ್ಯ ಪೀಠವಾಯಿತು. ಲಾಳದ ಬಾಯಿಯಲ್ಲಿ ನಳಿಗೆ ಇಳಿದು ಧ್ರುವವನ್ನೂ ನೋಡಬಲ್ಲದು. ಸುಮಾರು 500 ಟನ್ನಿನ ಆ ಭಾರವು ಒತ್ತಡದಿಂದ ಹಾಯಿಸಿದ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುತ್ತದೆ. 1948ರಲ್ಲಿ ಅದರ ಪ್ರಾರಂಭೋತ್ಸವವಾಯಿತು, ಮರುವರ್ಷ ಪೋರ್ಟರ್ ತೀರಿಕೊಂಡ.

ಈ ಲಾಳದ ಪೀಠಕ್ಕೂ ನಮಗೂ ಒಂದು ನಂಟಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ 2.34 ಮೀಟರು ಕನ್ನಡಿಯ ದೂರದರ್ಶಕವನ್ನು ಕಟ್ಟಿದರು. ಅದರ ಕನಸು ಕಂಡ ವೇಣು ಬಾಪು ಅವರು 1982ರಲ್ಲಿ ತೀರಿಕೊಂಡರು. 1986ನೆಯ ಜನವರಿ 6ರಂದು ಅದಕ್ಕೆ ಅವರ ಹೆಸರನ್ನೇ ಇಟ್ಟರು. ಅದು ನಿಂತಿರುವುದೂ ಲಾಳದ ಆಕಾರದ ಧ್ರುವಪೀಠದ ಮೇಲೆ. ಕಾವಲೂರಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯಾದುದರಿಂದ ಅದರ ಅಚ್ಚೂ ನಾನು ಮೊದಲು ಹೇಳಿದಂತೆ ಬಹುಮಟ್ಟಿಗೆ ಮಲಗಿದೆ.

ಇನ್ನು ಸಂನ್ಯಾಸಿಯ ಕಥೆ. ಜಾನ್ ಡಾಬ್ಸನ್ 1915ರಲ್ಲಿ ಚೀನದ ಪೀಕಿಂಗಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು. ರಸಾಯನಶಾಸ್ತ್ರ ಓದಿ, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸಂಘದ ಮಠವನ್ನು ಸೇರಿದ. ಶ್ರೀರಾಮಕೃಷ್ಣರ ಪರಂಪರೆಯ ಮಠ ಅದು. ಖಗೋಳಶಾಸ್ತ್ರವನ್ನೂ ವೇದಾಂತವನ್ನೂ ಹೊಂದಿಸಿ ನೋಡುವುದು ಅಲ್ಲಿ ಆತನಿಗೆ ವಹಿಸಿದ್ದ ಕೆಲಸಗಳಲ್ಲೊಂದು. ಹಾಗೆ ಯೋಚಿಸುತ್ತಿದ್ದವನಿಗೆ ಕಣ್ಣಾರೆ ನೋಡಬೇಕೆನಿಸಿತು. ಕೈಯಲ್ಲಿ ಕಾಸಿಲ್ಲ. ಒಡೆದ ಹಡಗಿನ ಕಿಟಕಿಯ ದಪ್ಪ ಗಾಜನ್ನು ಸಂಪಾದಿಸಿ ಕನ್ನಡಿ ಉಜ್ಜಿದ. ಮೊದಲ ಸಲ ಚಂದ್ರನ ಗುಂಡಿಗಳನ್ನು ಕಂಡಾಗ, ಇದನ್ನು ಎಲ್ಲರೂ ನೋಡಬೇಕೆಂದು ಆತನಿಗೆ ತೋರಿತು. ಮಠದ ಸುತ್ತಿನ ಬೀದಿಗಳಿಗೆ ರಾತ್ರಿ ದೂರದರ್ಶಕವನ್ನು ತಳ್ಳಿಕೊಂಡು ಹೋಗತೊಡಗಿದ. ನೆರೆಹೊರೆಯ ಮಕ್ಕಳು ಮುತ್ತಿದರು. ಮಠದ ನಿಯಮಕ್ಕೂ ಈ ಬೀದಿಯ ಕರೆಗೂ ಹೊಂದಲಿಲ್ಲ. 1967ರಲ್ಲಿ, ಇಪ್ಪತ್ತಮೂರು ವರ್ಷಗಳ ಮಠವಾಸದ ಬಳಿಕ, ಆತನಿಗೆ ಹೊರಡಲು ಹೇಳಿದರು. ಐವತ್ತು ದಾಟಿದ ವಯಸ್ಸಿನಲ್ಲಿ ಮನೆಯಿಲ್ಲ, ಸಂಪಾದನೆಯಿಲ್ಲ. ಆತ ಮರಳಿ ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಹೋಗಿ ಬೀದಿಯ ಮೂಲೆಯಲ್ಲಿ ದೂರದರ್ಶಕ ನಿಲ್ಲಿಸಿ ಹೋಗಿಬರುವವರನ್ನು ಕರೆದ. 1968ರಲ್ಲಿ ಎಳೆಯ ಗೆಳೆಯರೊಂದಿಗೆ ಕೂಡಿ ಬೀದಿಬದಿಯ ಖಗೋಳಜ್ಞರ ಸಂಘ ಕಟ್ಟಿದ.

ಬೀದಿಗೆ ಬೇಕಾದ ಪೀಠ ಯಾವುದು? ಹಗುರವಿರಬೇಕು, ಅಗ್ಗವಿರಬೇಕು, ಮಕ್ಕಳು ಜಗ್ಗಿದರೂ ಬೀಳಬಾರದು. ಡಾಬ್ಸನ್ ಧ್ರುವಪೀಠವನ್ನೇ ಬಿಟ್ಟುಬಿಟ್ಟ, ಹರ್ಷೆಲನ ಎರಡು ಚಲನೆಗಳಿಗೆ ಹಿಂದಿರುಗಿದ. ಕಾಂಕ್ರೀಟಿನ ದುಂಡು ಕಂಬ ಹೊಯ್ಯಲು ಬಳಸುವ ದಪ್ಪ ರಟ್ಟಿನ ಕೊಳವೆಯೇ ನಳಿಗೆ. ಅದರ ಎರಡು ಪಕ್ಕಕ್ಕೆ ದುಂಡನೆಯ ಕಿವಿಗಳು. ಆ ಕಿವಿಗಳನ್ನು ಹೊತ್ತು ನಿಲ್ಲುವುದು ಪ್ಲೈವುಡ್ಡಿನ ಒಂದು ಪೆಟ್ಟಿಗೆ. ನಳಿಗೆ ಅದರೊಳಗೆ ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುತ್ತದೆ. ಪೆಟ್ಟಿಗೆ ನೆಲದ ಹಲಗೆಯ ಮೇಲೆ, ಬೀಸುವ ಕಲ್ಲು ಗೂಟದ ಸುತ್ತ ತಿರುಗುವಂತೆ ತಿರುಗುತ್ತದೆ. ಮೊಳೆ, ಅಂಟು, ಗರಗಸಗಳಾಚೆ ಮತ್ತೇನೂ ಬೇಡ.

ಜಾಣತನವಿರುವುದು ಉಜ್ಜುವ ಸ್ಥಳದಲ್ಲಿ. ತುಂಬಿದ ಅಲಮಾರನ್ನು ನೀವು ತಳ್ಳಿ ನೋಡಿದ್ದರೆ ಗೊತ್ತಿರುತ್ತದೆ. ಮೊದಲು ಅದು ಕದಲುವುದೇ ಇಲ್ಲ, ಇನ್ನೂ ಬಲ ಹಾಕಿದರೆ ತಟ್ಟನೆ ಒಂದಡಿ ಮುಂದೆ ಹೋಗುತ್ತದೆ. ನಿಂತ ವಸ್ತುವಿನ ಘರ್ಷಣೆ ಹೆಚ್ಚು, ಹೊರಟ ಮೇಲೆ ಕಡಮೆ ಎಂಬುದೇ ಇದಕ್ಕೆ ಕಾರಣ. ದೂರದರ್ಶಕ ಹೀಗೆ ಜಿಗಿದರೆ ಗ್ರಹ ಕಣ್ಣಿನಿಂದಲೇ ಹಾರಿಹೋಗುತ್ತದೆ. ಟೆಫ್ಲಾನ್ ಎಂಬ ಜಾರುವ ಪದಾರ್ಥದಲ್ಲಿ ಈ ಎರಡು ಘರ್ಷಣೆಗಳು ಹೆಚ್ಚುಕಡಮೆ ಒಂದೇ. ಪೆಟ್ಟಿಗೆಯ ಕೆಳಗೆ ಅದರ ಮೂರು ಬಿಲ್ಲೆಗಳನ್ನಿಟ್ಟರೆ, ಬೆರಳಿಂದ ತಳ್ಳಿದಷ್ಟೇ ಹೋಗುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಬಿಲ್ಲೆಗಳ ಎದುರು ಮೇಜಿನ ಮೇಲೆ ಹಚ್ಚುವ ನಯವಾದ ಪ್ಲಾಸ್ಟಿಕ್ ಹಾಳೆಯನ್ನು ಹಚ್ಚುತ್ತಾರೆ. ಹಳೆಯ ಗ್ರಾಮಫೋನ್ ತಟ್ಟೆಯನ್ನೇ ಹಾಕಿ ಕೆಲಸ ಸಾಗಿಸಿದ ಹವ್ಯಾಸಿಗಳೂ ಉಂಟು. ಪಲೋಮಾರಿನ ಎಣ್ಣೆಯ ಪದರ ಮಾಡುವ ಕೆಲಸವನ್ನು ಇಲ್ಲಿ ಮೂರು ಬಿಲ್ಲೆಗಳು ಮಾಡಿದುವು. ಕಲ್ಲಿನಂತೆ ನಿಲ್ಲಬೇಕು, ಬೆಣ್ಣೆಯಂತೆ ಜಾರಬೇಕು ಎಂಬ ಪ್ರಶ್ನೆಗೆ ಬಡವನ ಉತ್ತರ ಸಿಕ್ಕಿತು.

ಡಾಬ್ಸನ್ ಇದಕ್ಕೆ ಪೇಟೆಂಟು ತೆಗೆಯಲಿಲ್ಲ. ಶತಮಾನಗಳಿಂದ ಫಿರಂಗಿಗಳು ಇಂಥ ಪೀಠದ ಮೇಲೆಯೇ ಕುಳಿತಿದ್ದುವಲ್ಲ, ಇದರಲ್ಲಿ ತನ್ನದೇನು ಎಂಬುದು ಆತನ ವಾದ. ಜನ ಮಾತ್ರ ಅದಕ್ಕೆ ಡಾಬ್ಸೋನಿಯನ್ ಎಂದೇ ಹೆಸರಿಟ್ಟರು. 2014ರ ಜನವರಿಯಲ್ಲಿ ಆತ ತೀರಿಕೊಳ್ಳುವ ವೇಳೆಗೆ ಜಗತ್ತಿನ ಎಲ್ಲ ಖಂಡಗಳ ಹವ್ಯಾಸಿಗಳೂ ಈ ಪೆಟ್ಟಿಗೆಯನ್ನು ಬಲ್ಲವರಾಗಿದ್ದರು.

ಈ ಪೆಟ್ಟಿಗೆಗೆ ಇದ್ದ ಒಂದು ಕೊರತೆಯೆಂದರೆ, ಅದು ತಾನಾಗಿ ನಕ್ಷತ್ರವನ್ನು ಹಿಂಬಾಲಿಸುವುದಿಲ್ಲ. ಅದನ್ನೂ ಹವ್ಯಾಸಿಗಳೇ ತುಂಬಿದರು. ಫ್ರಾನ್ಸಿನ ಏಡ್ರಿಯನ್ ಪಾನ್ಸೆ 1977ರಲ್ಲಿ ಪ್ರಕಟಿಸಿದ ಉಪಾಯದಲ್ಲಿ ಡಾಬ್ಸನ್ನನ ಪೆಟ್ಟಿಗೆಯಂಥದನ್ನು ಇಡಿಯಾಗಿ ಒಂದು ಓರೆ ಹಲಗೆಯ ಮೇಲಿಟ್ಟು, ಆ ಹಲಗೆಯನ್ನೇ ಧ್ರುವದ ಸುತ್ತ ಮೆಲ್ಲನೆ ವಾಲಿಸುತ್ತಾರೆ. ಸುಮಾರು ಒಂದು ಗಂಟೆ ನಕ್ಷತ್ರ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಹಲಗೆಯನ್ನು ಹಿಂದಕ್ಕೆ ತಂದು ಮತ್ತೆ ಆರಂಭಿಸಬೇಕು. ಅದಕ್ಕೂ ಎರಡು ವರ್ಷ ಮುಂಚೆ, 1975ರಲ್ಲಿ, ಸ್ಕಾಟ್ಲೆಂಡಿನ ಹೇಗ್ ಎಂಬವರು ಕ್ಯಾಮರಾಕ್ಕಾಗಿ ಇನ್ನೂ ಸರಳವಾದದ್ದನ್ನು ತೋರಿಸಿಕೊಟ್ಟಿದ್ದರು. ಎರಡು ಹಲಗೆ, ಅವನ್ನು ಪುಸ್ತಕದ ರಟ್ಟುಗಳಂತೆ ಸೇರಿಸಿದ ಒಂದು ಬಾಗಿಲ ಕೀಲು, ಒಂದು ತಿರುಪು ಮೊಳೆ. ಇಷ್ಟೆ.

ಇದರ ಲೆಕ್ಕ ನಿಮ್ಮ ಮನೆಯ ಮಕ್ಕಳೂ ಮಾಡಬಲ್ಲರು. ತಿರುಪು ಒಂದು ಸುತ್ತಿಗೆ ಒಂದು ಮಿಲಿಮೀಟರು ಮೇಲೇರುವುದಾದರೆ, ಅದನ್ನು ಕೀಲಿನಿಂದ 229 ಮಿಲಿಮೀಟರು ದೂರದಲ್ಲಿ ಕೂರಿಸಿ. ಕೀಲಿನ ಗೆರೆಯನ್ನು ಧ್ರುವದ ಕಡೆಗೆ ಗುರಿಮಾಡಿ ಕೆಳಗಿನ ಹಲಗೆಯನ್ನು ಭದ್ರಪಡಿಸಿ. ಗಡಿಯಾರದ ಸೆಕೆಂಡು ಮುಳ್ಳನ್ನು ನೋಡುತ್ತ ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಪನ್ನು ತಿರುಗಿಸಿದರೆ, ಮೇಲಿನ ಹಲಗೆ ನಿಮಿಷಕ್ಕೆ ಕಾಲು ಡಿಗ್ರಿ ತೆರೆದುಕೊಳ್ಳುತ್ತದೆ. ಅದು ಭೂಮಿ ತಿರುಗುವ ವೇಗವೇ. ಹಲಗೆಯ ಮೇಲಿನ ಕ್ಯಾಮರಾ ಹತ್ತು ನಿಮಿಷ ಕಣ್ತೆರೆದಿದ್ದರೂ ನಕ್ಷತ್ರಗಳು ಗೆರೆಗಳಾಗದೆ ಚುಕ್ಕೆಗಳಾಗಿಯೇ ಮೂಡುತ್ತವೆ. ಹೆಚ್ಚು ಹೊತ್ತಾದರೆ ನೆಟ್ಟನೆಯ ತಿರುಪಿಗೂ ದುಂಡನೆಯ ಚಲನೆಗೂ ಇರುವ ವ್ಯತ್ಯಾಸ ತಲೆಯೆತ್ತುತ್ತದೆ.

ಹೊಸದನ್ನು ಕಟ್ಟದೆ ಇರುವುದನ್ನೇ ತಿದ್ದಿಕೊಳ್ಳುವ ದಾರಿಯನ್ನೂ ಈ ಪರಂಪರೆ ನಮಗೆ ಬಿಟ್ಟಿದೆ. ಮೊದಲು ಪರೀಕ್ಷೆ. ಒಂದು ನಕ್ಷತ್ರವನ್ನು ನೋಡುತ್ತ ನಳಿಗೆಯ ತುದಿಯನ್ನು ಬೆರಳಿಂದ ಮೆಲ್ಲಗೆ ತಟ್ಟಿ ಎಣಿಸಿರಿ. ಒಂದೆರಡು ಸೆಕೆಂಡಿನಲ್ಲಿ ನಡುಕ ನಿಂತರೆ ಪೀಠ ಚೆನ್ನಾಗಿದೆ, ಐದಾರು ಸೆಕೆಂಡಾದರೆ ಚಿಕಿತ್ಸೆ ಬೇಕು. ಮುಕ್ಕಾಲಿನ ಕಾಲುಗಳನ್ನು ಪೂರ್ತಿ ಚಾಚಬೇಡಿರಿ. ಕಡ್ಡಿಯ ಉದ್ದ ಅರ್ಧವಾದರೆ ಅದು ಬಗ್ಗುವುದು ಎಂಟರಲ್ಲೊಂದು ಪಾಲಾಗುತ್ತದೆ. ನಿಂತು ನೋಡುವ ಬದಲು ಮಣೆಯ ಮೇಲೆ ಕುಳಿತು ನೋಡಿದರೆ ಕಾಸಿಲ್ಲದೆ ಪೀಠ ಗಟ್ಟಿಯಾಯಿತು. ಟೊಳ್ಳು ಕಾಲುಗಳಲ್ಲಿ ಒಣ ಮರಳು ತುಂಬಿದರೆ ಆ ಮರಳು ನಡುಕವನ್ನು ನುಂಗುತ್ತದೆ. ಮುಕ್ಕಾಲಿನ ನಡುವೆ ನೀರು ತುಂಬಿದ ಕ್ಯಾನು ತೂಗುಹಾಕಿರಿ, ಅದು ತೂಗಾಡದಂತೆ ನೆಲಕ್ಕೆ ಸೋಕಿರಲಿ. ತಾರಸಿಯ ಮೇಲಾದರೆ ಪಾದಗಳ ಕೆಳಗೆ ದಪ್ಪ ರಬ್ಬರು ಕೊಡಿರಿ, ಯಾರಾದರೂ ನಡೆದಾಡಿದರೆ ಅದರ ಅದುರು ಮೇಲೇರದು.

ಹಲ್ಲುಚಕ್ರಗಳಿರುವ ಪೀಠದಲ್ಲಿ ಇನ್ನೊಂದು ಕಾಟವುಂಟು. ಹಳೆಯ ರೇಡಿಯೋದಲ್ಲಿ ಒಳಗಿನ ದಾರ ಸಡಿಲವಾದರೆ, ಗುಂಡಿಯನ್ನು ಅರ್ಧ ಸುತ್ತು ತಿರುಗಿಸಿದರೂ ಮುಳ್ಳು ಕದಲದೆ ಆಮೇಲೆ ಒಮ್ಮೆಗೇ ಹೊರಡುತ್ತಿತ್ತಲ್ಲವೆ? ಪೀಠದ ಹಲ್ಲುಗಳ ನಡುವಿನ ಸಡಿಲವೂ ಅಂಥದೇ. ಸಮತೂಕವನ್ನು ತುಸುವೇ ತಪ್ಪಿಸಿ ಪೂರ್ವದ ಕಡೆಗೆ ಸ್ವಲ್ಪ ಭಾರ ಬಿಟ್ಟರೆ ಹಲ್ಲುಗಳು ಸದಾ ಒಂದೇ ಮುಖಕ್ಕೆ ಒತ್ತಿಕೊಂಡಿರುತ್ತವೆ, ಜಿಗಿತ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ಮಕ್ಕಳಿಗೆ ಒಂದೇ ಕಟ್ಟಪ್ಪಣೆ ಮಾಡಿರಿ. ದೂರದರ್ಶಕವನ್ನು ಹಗಲಿನಲ್ಲಿ ಸೂರ್ಯನ ಕಡೆಗೆ ತಿರುಗಿಸಿ ನೋಡಲೇಬಾರದು, ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ.

ಇಂದು ಗುಂಡಿ ಒತ್ತಿದರೆ ಗ್ರಹವನ್ನು ತಾನೇ ಹುಡುಕಿ ತೋರಿಸುವ ಪೀಠಗಳು ಬಂದಿವೆ. ಬಂದದ್ದು ಒಳ್ಳೆಯದೇ. ಆದರೆ ಆ ಯಂತ್ರವೂ ಅಲುಗಾಡುವ ಕಾಲುಗಳ ಮೇಲೆ ನಿಂತರೆ ಏನನ್ನೂ ತೋರಿಸದು. ಹರ್ಷೆಲನ ಮರಗೆಲಸ, ಸ್ಪ್ರಿಂಗ್‌ಫೀಲ್ಡಿನ ಉಕ್ಕಿನ ಕೆಲಸ, ಡಾಬ್ಸನ್ನನ ಪ್ಲೈವುಡ್ಡಿನ ಪೆಟ್ಟಿಗೆ ಇವೆಲ್ಲ ಹೇಳುವುದು ಒಂದೇ ಮಾತನ್ನು. ಆಕಾಶ ಯಾರ ಸೊತ್ತೂ ಅಲ್ಲ, ಅದನ್ನು ನೋಡಲು ಬೇಕಾದ ಅರ್ಧ ಉಪಕರಣ ಬಡಗಿಯ ಅಂಗಡಿಯಲ್ಲಿ, ಗುಜರಿಯಲ್ಲಿ, ನಮ್ಮ ಕೈಬೆರಳುಗಳಲ್ಲಿ ಇದೆ. ನಿಮ್ಮ ಮನೆಯ ಅಟ್ಟದ ಮೇಲೆಯೂ ಅಂಥದೊಂದು ದೂರದರ್ಶಕ ಧೂಳು ಹಿಡಿದು ಕುಳಿತಿದ್ದರೆ, ಗಾಜನ್ನು ಬೈಯುವ ಮುನ್ನ ಅದನ್ನು ಕೆಳಗಿಳಿಸಿ ಅದರ ಕಾಲನ್ನು ಒಮ್ಮೆ ತಟ್ಟಿ ನೋಡಿರಿ.